ಲಗ್ನಪತ್ರಿಕೆಯ ಪ್ಯಾಕಿಂಗು

ಶ್ರದ್ಧಾಂಜಲಿ ಸಭೆಯಲ್ಲಿ ನನ್ನನ್ನೂ ಎರಡು ಮಾತಾಡಲು ಎಬ್ಬಿಸಿದರು. ಮೂವತ್ತು ವರ್ಷ ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಎದ್ದು ನಿಂತರೆ ಬಾಯಿ ತಾನಾಗಿ ತೆರೆಯುತ್ತದೆ. "ಅವರು ಪರೋಪಕಾರಿಗಳಾಗಿದ್ದರು. ಅವರ ಕೈಗುಣದಿಂದಲೇ ನನ್ನ ಹಳೇ ಕಾರು ಇವತ್ತಿಗೂ ಓಡುತ್ತಿದೆ" ಎಂದು ಹೇಳಿ ಕೂತೆ. ಆಡಿದ್ದು ಎರಡೇ ಮಾತು, ಎರಡೂ ಸುಳ್ಳು. ಸೊಸೈಟಿಯ ಆಫೀಸಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದ ಮೂವತ್ತು ಜನ ಹೌದು ಹೌದು ಎಂದು ತಲೆಯಾಡಿಸಿದರು. ತೀರಿಕೊಂಡವರ ಹೆಂಡತಿ ಮಾತ್ರ ತಲೆ ಎತ್ತಿ ನನ್ನನ್ನು ಒಂದು ಕ್ಷಣ ನೋಡಿದರು.

ಆ ತೀರಿಹೋದವರ ಹೆಸರು ಬರೆಯುವುದಿಲ್ಲ. ಬರೆದರೆ ಅದೂ ಒಂದು ಸನ್ಮಾನವಾದೀತು. ಬದುಕಿದ್ದಾಗ ಗಣೇಶೋತ್ಸವದಲ್ಲಿ ಎರಡು ಸಲ ಶಾಲು ಹೊದೆಸಿಕೊಂಡಿದ್ದಾರೆ, ಅಷ್ಟು ಸಾಕು.

ಬೊಂಬಾಯಿಯ ನಮ್ಮ ಆಂಟಾಪ್ ಹಿಲ್ ಬಿಲ್ಡಿಂಗಿನಲ್ಲಿ ಎಲ್ಲರೂ ಅವರನ್ನು ಇಂಜಿನಿಯರ್ ಸಾಹೇಬ್ರು ಎನ್ನುತ್ತಿದ್ದರು. ಅವರು ಇಂಜಿನಿಯರೂ ಅಲ್ಲ, ಮೆಕ್ಯಾನಿಕ್ಕೂ ಅಲ್ಲ. ಒಂದು ಬಸ್ ಡಿಪೋದ ಉಗ್ರಾಣದಲ್ಲಿ ಸ್ಪ್ಯಾನರ್ ಕೊಟ್ಟು ಸಹಿ ತೆಗೆದುಕೊಳ್ಳುವ ಗುಮಾಸ್ತರಾಗಿ ರಿಟೈರ್ ಆದವರು. ಜೀವಮಾನವಿಡೀ ಸ್ಪ್ಯಾನರನ್ನು ಬೇರೆಯವರ ಕೈಗೆ ಕೊಟ್ಟವರು, ರಿಟೈರ್ ಆದ ಮೇಲೆ ತಮ್ಮ ಕೈಗೇ ತೆಗೆದುಕೊಂಡರು. ಉಡುಪಿ ಕಡೆಯವರು, ಎರಡನೇ ಮಹಡಿಯಲ್ಲಿದ್ದರು. ನಾನು ಧಾರವಾಡದ ಕಡೆಯವಳು, ಮೊದಲನೇ ಮಹಡಿಯಲ್ಲಿದ್ದೇನೆ. ಹಾಗಾಗಿ ಅವರು ಎಲ್ಲಿಗೆ ಇಳಿದರೂ ನನ್ನ ಬಾಗಿಲು ದಾಟಿಯೇ ಇಳಿಯಬೇಕಿತ್ತು, ಅದು ನನ್ನ ಗ್ರಹಚಾರ.

ಅವರ ಬಳಿ ಜಗತ್ತಿನ ಎಲ್ಲ ರೋಗಕ್ಕೂ ಒಂದೇ ಕಾರಣವಿತ್ತು: ಕಚರಾ, ಅಂದರೆ ಕಸ. ನೀರಿನ ಪಂಪು ಕೆಟ್ಟರೆ ಒಳಗೆ ಕಚರಾ. ಲಿಫ್ಟು ನಿಂತರೆ ಕಚರಾ. ನನಗೊಮ್ಮೆ ಜ್ವರ ಬಂದು ಎಂಟು ದಿನ ಮಲಗಿದ್ದಾಗ ಬಾಗಿಲಲ್ಲೇ ನಿಂತು, "ಹೊಟ್ಟೆಯಲ್ಲಿ ಕಚರಾ ಉಂಟು ಟೀಚರೇ, ಒಂದು ದಿನ ಉಪವಾಸ ಮಾಡಿ" ಎಂದು ಹೇಳಿ ಹೋದರು. ಅದು ಡೆಂಗ್ಯೂ ಆಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಹಾಗೆಂದು ಹೇಳಿದರೆ, "ಅದೇ, ರಕ್ತದಲ್ಲಿ ಕಚರಾ" ಎಂದರು. ಇಂಥವರ ಹತ್ತಿರ ವಾದ ಮಾಡಿ ಯಾರು ಗೆದ್ದಾರು?

ಕಾರಿನ ಕಥೆ ಹೇಳುತ್ತೇನೆ. ಅದು ನನ್ನ ಯಜಮಾನರ ಕಾರು. ಕಾರ್ಬುರೇಟರ್ ಇರುವ ಕಾಲದ್ದು, ಗೇರು ಸ್ಟಿಯರಿಂಗಿನ ಪಕ್ಕದಲ್ಲಿ, ಮುಂದೆ ಬೆಂಚಿನ ಹಾಗೆ ಒಂದೇ ಉದ್ದ ಸೀಟು. ಯಜಮಾನರು ಹೋದ ಮೇಲೆ ಮಾರಿಬಿಡಿ ಎಂದವರೇ ಎಲ್ಲರೂ. ನಾನು ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಶೋಕಿಗಲ್ಲ. ಗೋರೆಗಾಂವಿನಲ್ಲಿ ನನ್ನ ಅಕ್ಕ ಇದ್ದಾಳೆ. ಅವಳಿಗೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಶನಿವಾರ ಶನಿವಾರ ಅವಳನ್ನು ಫಿಜಿಯೋಥೆರಪಿಗೆ ಕರೆದೊಯ್ಯಬೇಕು. ರಿಕ್ಷಾದಲ್ಲಿ ಅವಳನ್ನು ಹತ್ತಿಸುವುದು ಅಸಾಧ್ಯ. ಈಗಿನ ಟ್ಯಾಕ್ಸಿಗಳಲ್ಲಿ ಸೀಟು ಗುಂಡಿಯ ಹಾಗಿರುತ್ತದೆ, ಅದರಲ್ಲಿ ಅವಳನ್ನು ಇಳಿಸಿದರೆ ಎತ್ತಲಾಗುವುದಿಲ್ಲ, ಅಷ್ಟರಲ್ಲಿ ಡ್ರೈವರ್ ಹಾರ್ನ್ ಮಾಡುತ್ತಾನೆ. ನಮ್ಮ ಕಾರಿನ ಬೆಂಚು ಸೀಟಿನಲ್ಲಿ ಮಾತ್ರ ಅವಳನ್ನು ಅಂಚಿಗೆ ಕೂರಿಸಿ, ಅವಳ ಕೆಳಗಿನ ಚಾದರ ಹಿಡಿದು ಮೆಲ್ಲಗೆ ಒಳಕ್ಕೆ ಸರಿಸಬಹುದಿತ್ತು. ಒಂದು ವರ್ಷದ ಕೊನೆಗೆ ಅವಳ ಬಲಗೈಯ ಬೆರಳುಗಳು ತೆರೆಯತೊಡಗಿದ್ದವು. ಒಂದು ಶನಿವಾರ ಅವಳು ಆ ಕೈಯಿಂದ ನನ್ನ ಸೆರಗು ಹಿಡಿದು ತೋರಿಸಿದಳು. ನಾನು ಸಿಗ್ನಲ್ಲಿನಲ್ಲೇ ಅತ್ತುಬಿಟ್ಟೆ.

ಆ ಹೊತ್ತಿಗೇ ಕಾರಿಗೆ ರೋಗ ಹಿಡಿಯಿತು. ಓಡುವಾಗ ಚೆನ್ನಾಗಿ ಓಡುತ್ತಿತ್ತು, ನಿಲ್ಲಿಸಿದರೆ ಸಾಕು, ಇಂಜಿನ್ನು ಗಡಗಡ ನಡುಗುತ್ತಿತ್ತು. ಸಿಗ್ನಲ್ಲಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಒಂದೆರಡು ಸಲ ಬಿಕ್ಕಳಿಸಿ ಸುಮ್ಮನಾಗುತ್ತಿತ್ತು. ಯಜಮಾನರ ಕಾಲದ ವಡಾಲಾದ ಮೇಸ್ತ್ರಿ ಗ್ಯಾರೇಜು ಮುಚ್ಚಿ ಊರಿಗೆ ಹೋಗಿದ್ದ. ಈಗಿನ ಮೆಕ್ಯಾನಿಕ್ಕುಗಳು ಬಾನೆಟ್ ಎತ್ತಿ, ಕಂಪ್ಯೂಟರಿನ ವಾಯರನ್ನು ಎಲ್ಲಿ ಸಿಕ್ಕಿಸುವುದು ಎಂದು ಹುಡುಕುತ್ತಾರೆ. "ಆಂಟೀ, ಯೇ ತೋ ಮ್ಯೂಜಿಯಮ್ ಮೇ ದೇ ದೋ" ಎಂದ ಒಬ್ಬ, ಮ್ಯೂಜಿಯಮ್ಮಿಗೆ ಕೊಟ್ಟುಬಿಡಿ ಅಂತ. ಹೀಗೆ ಯಾರೂ ಇಲ್ಲದ ಜಾಗಕ್ಕೆ ನಮ್ಮ ಇಂಜಿನಿಯರ್ ಸಾಹೇಬರು ಬಂದು ಕೂತರು.

ಭಾನುವಾರ ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಇಳಿದು ಬರುವರು. ಬನಿಯನ್ನು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿ, ಕೈಯಲ್ಲಿ ಒಂದು ಬಿಸ್ಕೆಟ್ ಡಬ್ಬಿ, ಕಂಕುಳಲ್ಲಿ ಹಳೇ ಪೇಪರು. ಮೊದಲು ನನ್ನ ಮನೆಯಲ್ಲಿ ಚಹಾ. ಚಹಾದಲ್ಲಿ ಏನು ಕಮ್ಮಿಯಾಗಿದೆ ಎಂದು ಹೇಳದೆ ಒಂದು ಲೋಟವನ್ನೂ ಇಳಿಸಿದವರಲ್ಲ. ಆಮೇಲೆ ಕೆಳಗೆ ಹೋಗಿ ಬಾನೆಟ್ಟಿಗೆ ಮೂರು ಸಲ ತಟ್ಟಿ, ತೆರೆಯುವ ಮೊದಲೇ ತೀರ್ಪು ಕೊಡುವರು. "ಕಾರ್ಬುರೇಟರಲ್ಲಿ ಕಚರಾ."

ತೀರ್ಪಾದ ಮೇಲೆ ತನಿಖೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುವರು. ಡಾಕ್ಟರರು ಎದೆ ನೋಡುವಾಗಿನ ಗಾಂಭೀರ್ಯ! ಆಗ ಯಾರೂ ಮಾತಾಡಬಾರದು. ಗೇಟಿನಲ್ಲಿ ಕೂಗುತ್ತಿದ್ದ ತರಕಾರಿಯವನಿಗೂ ಕೈಯೆತ್ತಿ ಸುಮ್ಮನಿರಲು ಹೇಳುವರು. ಆ ಪಾಪದವನು ನಿಜವಾಗಿಯೂ ಸುಮ್ಮನಾಗಿ ಕೈಮುಗಿದು ನಿಲ್ಲುತ್ತಿದ್ದ. ಐದು ನಿಮಿಷದ ಮೇಲೆ ಕಣ್ಣು ತೆರೆದು, "ಹೌದು, ಕಚರಾ" ಎನ್ನುವರು.

ನಾನೊಮ್ಮೆ ಕೇಳಿದೆ. "ಹೋದ ವಾರಾನೂ ತೊಳದ್ರೆಲ್ಲ, ಮತ್ತ ಕಚರಾ ಎಲ್ಲಿಂದ ಬಂತ್ರೀ?"

"ಟೀಚರೇ, ನೀವು ಮಕ್ಕಳಿಗೆ ಮಗ್ಗಿ ಹೇಳಿಕೊಡಿ. ಇದು ಹೆಂಗಸರಿಗೆ ಗೊತ್ತಾಗುವ ವಿಷಯ ಅಲ್ಲ ಮಾರಾಯ್ರೆ. ಇಂಜಿನ್ ಅಂದ್ರೆ ಎಂತ, ಕುಕ್ಕರಾ?"

ಅದನ್ನು ನೆನಪಿಟ್ಟುಕೊಂಡೆ. ನನಗೆ ಅಂಥ ಮಾತು ಮರೆಯುವುದಿಲ್ಲ.

ಕಾರ್ಬುರೇಟರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುವರು. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಪೇಪರಿನ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡುವರು, ಒಂದೂ ಕಳೆದದ್ದಿಲ್ಲ. ಇದೊಂದು ಒಳ್ಳೆಯ ಗುಣ ಎಂದು ಒಪ್ಪುತ್ತೇನೆ, ಆದರೆ ಅದು ಉಗ್ರಾಣದ ಗುಣ. ಮತ್ತೆ ಜೋಡಿಸುವಾಗ ಕಾರ್ಬುರೇಟರಿನ ಬುಡಕ್ಕೂ ಇಂಜಿನ್ನಿಗೂ ನಡುವೆ ತೆಳ್ಳಗೆ ಒಂದು ಪದರ ಕೂರಬೇಕು, ಗಾಳಿ ಒಳಗೆ ನುಗ್ಗದ ಹಾಗೆ. ಅದಕ್ಕೆ ಪ್ಯಾಕಿಂಗ್ ಎನ್ನುತ್ತಾರೆ. ಮೊದಲೇ ಸವೆದಿದ್ದ ಹಳೆಯದು ಮೊದಲ ಸಲ ಬಿಚ್ಚಿದಾಗಲೇ ಹರಿದುಹೋಗಿತ್ತು. ಅದಕ್ಕೆ ನಮ್ಮ ಮಹಾನುಭಾವರು ಕಂಡುಹಿಡಿದ ಉಪಾಯ ಮದುವೆಯ ಕಾಗದ.

ಬೊಂಬಾಯಿಯಲ್ಲಿ ಕನ್ನಡದವರ ಮದುವೆ ಎಲ್ಲೇ ಆಗಲಿ, ಡೊಂಬಿವಲಿಯಿಂದ ವಿರಾರಿನ ತನಕ, ಅವರಿಗೆ ಕಾಗದ ಬರುತ್ತಿತ್ತು. ಬರದಿದ್ದರೆ ಕೇಳಿ ತರಿಸಿಕೊಳ್ಳುತ್ತಿದ್ದರು. ಯಾರಾದರೂ ಕಾಗದ ಕೊಡಲು ಬಂದರೆ, ಹೆಸರು ಮುಹೂರ್ತ ಯಾವುದನ್ನೂ ಓದದೆ ಮೊದಲು ಅದನ್ನು ಬೆರಳಲ್ಲಿ ಬಗ್ಗಿಸಿ ನೋಡುವರು. "ಒಳ್ಳೇ ಕಾರ್ಡು ಮಾಡಿದ್ದೀರಿ" ಎನ್ನುವರು. ಹೆಣ್ಣಿನ ಅಪ್ಪ ಹಿಗ್ಗಿಹೋಗುತ್ತಿದ್ದ. ಆ ಕಾರ್ಡು ಭಾನುವಾರ ಅವರ ಹೆಂಡತಿಯ ಕತ್ತರಿಗೆ ಸಿಕ್ಕಿ, ನಡುವೆ ಎರಡು ದೊಡ್ಡ ತೂತು, ಅಂಚಿಗೆ ನಾಲ್ಕು ಚಿಕ್ಕ ತೂತು ಮಾಡಿಸಿಕೊಂಡು ನನ್ನ ಕಾರಿನೊಳಗೆ ಹೋಗುತ್ತಿತ್ತು. ನನಗೆ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಜಾಣತನವೇ ಇರಬೇಕು ಎಂದುಕೊಂಡೆ.

"ಒರಿಜಿನಲ್ ಪ್ಯಾಕಿಂಗ್ ನಾನು ಕುರ್ಲಾದಿಂದ ತಂದಿಟ್ಟಿದ್ದೇನೆ ಟೀಚರೇ" ಎಂದು ಮಾತ್ರ ಪ್ರತಿ ವಾರವೂ ಹೇಳುವರು. "ಮನೆಯಲ್ಲೇ ಎಲ್ಲಿಯೋ ಉಂಟು. ಸಿಗ್ತಾ ಇಲ್ಲ. ಸಿಕ್ಕೀತು, ಇನ್ನೊಂದಕ್ಕೆ ಸುಮ್ಮನೆ ದುಡ್ಡು ಎಂತಕ್ಕೆ? ಇವಳು ಒಂದು ಇಟ್ಟ ಕಡೆ ಇಡುದಿಲ್ಲ."

ಎರಡು ವರ್ಷ ಕೇಳಿದೆ ಈ ಹಾಡನ್ನು. ಒಂದು ಅಂಗೈಯಗಲದ ವಸ್ತು, ಒಂದೂವರೆ ಕೋಣೆಯ ಮನೆಯಲ್ಲಿ ಎರಡು ವರ್ಷ ಸಿಗದೆ ಇರುತ್ತದೆಯೇ? ತಂದೇ ಇಲ್ಲ, ಬಾಯಿಗೆ ಬಂದ ಬುರುಡೆ ಬಿಡುತ್ತಾರೆ, ಮೇಲಿಂದ ಆ ಬಡಪಾಯಿ ಹೆಂಗಸಿನ ಮೇಲೆ ತಪ್ಪು ಹೊರಿಸುತ್ತಾರೆ ಎಂದು ನನ್ನ ಮೈಯೆಲ್ಲ ಉರಿಯುತ್ತಿತ್ತು. ಅವರಾಡಿದ ಸುಳ್ಳುಗಳ ಪೈಕಿ ಇದನ್ನು ನಾನು ಮೊದಲನೇ ನಂಬರಿನಲ್ಲಿ ಇಟ್ಟಿದ್ದೆ.

ತೊಳೆದು ಜೋಡಿಸಿದ ಮೇಲೆ ಕೊನೆಯ ಕೈಚಳಕ. ಒಂದು ಸ್ಕ್ರೂ ತಿರುಗಿಸಿ ಇಂಜಿನ್ನಿನ ವೇಗ ಹೆಚ್ಚಿಸುವರು, ಇನ್ನೊಂದನ್ನು ತಿರುಗಿಸಿ ಪೆಟ್ರೋಲು ಜಾಸ್ತಿ ಬಿಡುವರು. ಕಾರು ಭೋರೆಂದು ಕೂಗುತ್ತ ನಡುಗದೆ ನಿಲ್ಲುತ್ತಿತ್ತು. "ನೋಡಿ ಹೇಗೆ ಉಂಟು" ಎಂದು ಮೇಲೆ ಬಂದು ಎರಡನೇ ಚಹಾ. ಶುಕ್ರವಾರದ ಹೊತ್ತಿಗೆ ಮತ್ತೆ ಅದೇ ನಡುಕ, ಜೊತೆಗೆ ಪೆಟ್ರೋಲಿನ ವಾಸನೆ ಬೇರೆ.

ಮೇ ತಿಂಗಳ ಒಂದು ಶನಿವಾರ ಹೈವೇಯ ಸಿಗ್ನಲ್ಲಿನಲ್ಲಿ, ಅಕ್ಕ ನನ್ನ ಪಕ್ಕದಲ್ಲಿ ಕೂತಿರುವಾಗ, ಕಾರು ನಿಂತೇಬಿಟ್ಟಿತು. ಮುಕ್ಕಾಲು ಗಂಟೆ ಬಿಸಿಲಿನಲ್ಲಿ, ಹಿಂದಿನಿಂದ ಎಲ್ಲರ ಹಾರ್ನು, ಬೈಗುಳ. ಅಕ್ಕನನ್ನು ಇಳಿಸುವಂತಿಲ್ಲ, ಬಿಡುವಂತಿಲ್ಲ. ಅವಳ ಮುಖ ಕೆಂಪಾಗಿ ಬೆವರು ಸುರಿಯುತ್ತಿದ್ದರೂ ಮೊದಲು ನಕ್ಕಳು. "ತಂಗೀ, ನಿನ್ನ ಗಾಡಿಗೂ ನನ್ನಂಗ ಲಕ್ವಾ ಹೊಡದದ ನೋಡು" ಎಂದಳು. ಆಮೇಲೆ ನಗಲಿಲ್ಲ. ಮನೆ ಮುಟ್ಟಿಸಿದಾಗ ನನ್ನ ಕೈ ಹಿಡಿದು, "ಇನ್ನ ಬ್ಯಾಡವ್ವಾ. ನಾ ಮನ್ಯಾಗ ಇರ್ತೀನಿ. ರಸ್ತಾದಾಗ ಸಾಯೂದು ಬ್ಯಾಡ ನನಗ" ಎಂದಳು. ಅವಳ ಮಗನಿಗೆ ಶಿಫ್ಟಿನ ಕೆಲಸ, ಅವನಿಂದ ಆಗುವುದಿಲ್ಲ. ಆರು ಶನಿವಾರ ಹೋಗಲಿಲ್ಲ. ಏಳನೆಯದಕ್ಕೆ ನಾನು ಲೋಕಲ್ಲಿನಲ್ಲಿ ಅವಳನ್ನು ನೋಡಲು ಹೋದಾಗ ಬಲಗೈಯ ಬೆರಳು ಮತ್ತೆ ಮುಷ್ಟಿಯಾಗಿತ್ತು. ನಾನು ಬಿಡಿಸಲು ನೋಡಿದೆ. ನೋವಾಗುತ್ತದೆ ಎಂದಳು.

ಇಂಜಿನಿಯರ್ ಸಾಹೇಬರಿಗೆ ಇದನ್ನು ಹೇಳಿದಾಗ ಏನಂದರು ಗೊತ್ತೇ? "ನೀವು ಸಿಗ್ನಲಲ್ಲಿ ಕಾಲು ತೆಗೆಯುದು ಎಂತಕ್ಕೆ? ಒತ್ತಿಯೇ ಇಡಬೇಕು."

ಆ ಹೊತ್ತಿಗೆ ಕಾರಿನ ರಿಜಿಸ್ಟ್ರೇಷನ್ನೂ ಮುಗಿಯುವುದರಲ್ಲಿತ್ತು. ಪರೀಕ್ಷೆಯಲ್ಲಿ ಪಾಸಾದರೆ ಇನ್ನೈದು ವರ್ಷ, ಇಲ್ಲದಿದ್ದರೆ ಗುಜರಿ. ಮೊದಲು ಹೊಗೆಯ ಸರ್ಟಿಫಿಕೇಟು ಬೇಕು. ಪೆಟ್ರೋಲ್ ಪಂಪಿನ ಪಕ್ಕದ ಡಬ್ಬಿಯಂಗಡಿಯಲ್ಲಿ ಸೈಲೆನ್ಸರಿಗೆ ನಳಿಕೆ ತೂರಿಸಿ ನೋಡಿದವನು ತಲೆ ಅಲ್ಲಾಡಿಸಿದ. ಪೆಟ್ರೋಲು ಸರಿಯಾಗಿ ಉರಿಯುತ್ತಿಲ್ಲ, ಸರ್ಟಿಫಿಕೇಟು ಸಿಗುವುದಿಲ್ಲ ಎಂದ. ಸಾಹೇಬರು ಇನ್ನೊಮ್ಮೆ ತೊಳೆದರು, ಇನ್ನೊಂದು ಮದುವೆಯ ಕಾಗದ ಕತ್ತರಿಸಿದರು. ಇನ್ನೊಮ್ಮೆ ಫೇಲು. ಹತ್ತು ದಿನ ಉಳಿದಿತ್ತು.

ಒಂದು ದಿನ ಸಂಜೆ ಬೇಳೆ ಕುಕ್ಕರಿಗೆ ಇಟ್ಟಿದ್ದೆ. ಸೀಟಿ ಬರಲೊಲ್ಲದು. ಉರಿ ಜೋರು ಮಾಡಿದೆ, ಆದರೂ ಇಲ್ಲ. ಮುಚ್ಚಳದ ಅಂಚಿನಿಂದ ಉಗಿ ಹೋಗುತ್ತಿತ್ತು, ರಬ್ಬರು ಸಡಿಲಾಗಿತ್ತು. ರಬ್ಬರು ಸಡಿಲಾದರೆ ಉರಿ ಹೆಚ್ಚಿಸಿ ಏನು ಪ್ರಯೋಜನ ಎಂದುಕೊಂಡವಳು ಸೌಟು ಹಿಡಿದು ಹಾಗೇ ನಿಂತೆ. ಆ ಮನುಷ್ಯ ಎರಡು ವರ್ಷದಿಂದ ಉರಿ ಹೆಚ್ಚಿಸುತ್ತಿದ್ದಾರೆ. ಕುಕ್ಕರಿನಲ್ಲಿ ಒಳಗಿನದು ಹೊರಗೆ ಹೋಗುತ್ತದೆ. ಕಾರಿನಲ್ಲಿ ಹೊರಗಿನ ಗಾಳಿ ಒಳಗೆ ಹೋಗುತ್ತಿರಬೇಕು, ಲೆಕ್ಕಕ್ಕಿಲ್ಲದ ಕಳ್ಳಗಾಳಿ. ಆ ಗಾಳಿಗೆ ಸರಿಗಟ್ಟಲು ಪೆಟ್ರೋಲು ಜಾಸ್ತಿ ಸುರಿದದ್ದಕ್ಕೇ ಹೊಗೆ ಕೆಟ್ಟಿದ್ದು.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಕೆಳಗಿಳಿದೆ. ಕೈಯಲ್ಲಿ ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟ್ಲಿ. ಕಾರು ಸ್ಟಾರ್ಟ್ ಮಾಡಿ ನಡುಗಲು ಬಿಟ್ಟೆ. ಮೊದಲು ಬೇರೆ ಬೇರೆ ಪೈಪುಗಳ ಮೇಲೆ ನೀರು ಹೊಡೆದೆ, ಏನೂ ಆಗಲಿಲ್ಲ. ಕಾರ್ಬುರೇಟರಿನ ಬುಡಕ್ಕೆ, ಆ ಕಾಗದ ಕೂತ ಸಂದಿಗೆ ಹೊಡೆದೆ. ನಡುಕ ನಿಂತಿತು. ನಾಲ್ಕೈದು ಉಸಿರಿನಷ್ಟು ಹೊತ್ತು ಇಂಜಿನ್ನು ನನ್ನ ಯಜಮಾನರ ಕಾಲದ ಹಾಗೆ ಹಿತವಾಗಿ ಓಡಿತು. ನೀರು ಆರಿದ ಕೂಡಲೇ ಮತ್ತೆ ಗಡಗಡ. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಹಾಗೇ ಆಯಿತು. ಬಾಟ್ಲಿ ಹಿಡಿದು ಒಂಬತ್ತಾಗುವುದನ್ನೇ ಕಾದೆ.

ಒಂಬತ್ತಕ್ಕೆ ಸಾಹೇಬರು ಡಬ್ಬಿ ಹಿಡಿದು ಬಂದರು. ಅವರೆದುರಿಗೆ ನಾಲ್ಕನೇ ಸಲ ಮಾಡಿ ತೋರಿಸಿದೆ.

"ನೀರು ಕುಡಿಸಿದ್ರೆ ಯಾವ ಇಂಜಿನ್ ಉಳೀತದೆ ಟೀಚರೇ?" ಎಂದರು.

"ಬಿಚ್ರಿ. ಒಳಗಿನ ಪ್ಯಾಕಿಂಗ್ ತಗೀರಿ, ನೋಡೋಣು."

"ಅದು ಮೊನ್ನೆ ಹಾಕಿದ್ದು. ಎಂತ ಒಳ್ಳೇ ಕಾರ್ಡು ಅದು, ಘಾಟ್‌ಕೋಪರಿನ ಹೋಟೆಲಿನವರ ಮಗಳದ್ದು."

"ಬಿಚ್ರಿ ಅಂದ್ನಲ್ಲ."

ಶಾಲೆಯ ದನಿಯಲ್ಲಿ ಹೇಳಿದೆ. ಬಿಚ್ಚಿದರು. ಘಾಟ್‌ಕೋಪರಿನ ಹೋಟೆಲಿನವರ ಮಗಳ ಮದುವೆ ಪೆಟ್ರೋಲಿನಲ್ಲಿ ನೆನೆದು, ಕಾವಿಗೆ ಒಣಗಿ, ಸುಕ್ಕಾಗಿ, ಒಂದು ಕಡೆ ಸೀಳಿಹೋಗಿತ್ತು. ತೂತಿನ ಸುತ್ತ ಬಂಗಾರದ ಅಕ್ಷರದಲ್ಲಿ "ಬಂದು ಆಶೀರ್ವದಿಸಬೇಕಾಗಿ" ಎಂಬುದಷ್ಟು ಓದಲು ಬರುತ್ತಿತ್ತು. ಎರಡು ವರ್ಷದಿಂದ ವಾರವಾರವೂ ಅವರು ಮಾಡಿದ ಚಿಕಿತ್ಸೆಯೇ ರೋಗವಾಗಿತ್ತು. ನಾನು ಅದನ್ನು ಎರಡು ಬೆರಳಲ್ಲಿ ಎತ್ತಿ ಅವರ ಮುಖದ ಮುಂದೆ ಹಿಡಿದೆ. ಅವರು ಅದನ್ನು ನೋಡಲಿಲ್ಲ, ಪೇಪರಿನ ಮೇಲಿನ ಸ್ಕ್ರೂಗಳನ್ನು ಸರಿಮಾಡುತ್ತ ಕೂತರು.

ಸೋಮವಾರ ನಾನೇ ಕುರ್ಲಾಕ್ಕೆ ಹೋಗಿ ಸರಿಯಾದ ಪ್ಯಾಕಿಂಗ್ ತಂದೆ. ಸಂಜೆ ಅವರು ಅದನ್ನು ಕೂರಿಸಿದರು. ಇಂಜಿನ್ನು ನಿಂತಲ್ಲಿ ನಿಶ್ಚಿಂತೆಯಿಂದ ಓಡಿತು, ಬಾನೆಟ್ಟಿನ ಮೇಲೆ ಚಹಾದ ಲೋಟ ಇಟ್ಟರೂ ತುಳುಕುವಂತಿರಲಿಲ್ಲ. ಅಷ್ಟರಲ್ಲಿ ಬಿಲ್ಡಿಂಗಿನ ನಾಲ್ಕು ಜನ ಸುತ್ತ ನೆರೆದಿದ್ದರು. ಸಾಹೇಬರು ಕೈ ಒರೆಸಿಕೊಳ್ಳುತ್ತ ಅವರ ಕಡೆ ತಿರುಗಿ, "ನಾನು ಮೊದಲೇ ಹೇಳಿದ್ದೆ. ಪ್ಯಾಕಿಂಗಲ್ಲಿ ಕಚರಾ" ಎಂದರು. ಜನ ಭೇಷ್ ಎಂದರು. ಕಾರು ಪಾಸಾಯಿತು, ಅಕ್ಕ ಮತ್ತೆ ಶನಿವಾರ ಬರತೊಡಗಿದಳು, ಬೆರಳುಗಳು ಇನ್ನೊಮ್ಮೆ ಮೊದಲಿನಿಂದ ಪಾಠ ಕಲಿಯಬೇಕಾಯಿತು. ಆ ಮನುಷ್ಯನನ್ನು ನಾನು ಕ್ಷಮಿಸಲಿಲ್ಲ. ಭಾನುವಾರ ಒಂಬತ್ತಕ್ಕೆ ಬಂದು ಬೆಲ್ ಮಾಡಿದಾಗ, "ಇನ್ನ ಬರೂದು ಬ್ಯಾಡ್ರಿ, ಗಾಡಿ ಸರಿ ಐತಿ" ಎಂದು ಬಾಗಿಲಲ್ಲೇ ಹೇಳಿದೆ. ಡಬ್ಬಿಯಿಂದ ಸ್ಕ್ರೂಡ್ರೈವರು ತೆಗೆದು ಕಿವಿಯ ಹತ್ತಿರ ಹಿಡಿದರು. "ಒಮ್ಮೆ ಕೇಳಿ ನೋಡ್ಲಾ?" ಎಂದರು. ಬೇಡ ಎಂದೆ. ಮೇಲೆ ಹತ್ತಿ ಹೋದರು.

ಅದಾಗಿ ಎಂಟು ತಿಂಗಳಿಗೆ, ನಿದ್ದೆಯಲ್ಲೇ ಹೋಗಿಬಿಟ್ಟರು.

ಸಭೆಯಾದ ಮರುವಾರ ಅವರ ಹೆಂಡತಿ ನನ್ನ ಮನೆಗೆ ಬಂದರು. ಇಷ್ಟು ವರ್ಷದಲ್ಲಿ ಅವರು ನನ್ನ ಮನೆಯೊಳಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಆ ಬಿಸ್ಕೆಟ್ ಡಬ್ಬಿ. ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ತೂತು ಮಾಡಿಟ್ಟ ಮದುವೆಯ ಕಾಗದಗಳು, ಅರಿಶಿನ ಹಚ್ಚಿದ ಮೂಲೆಗಳು. ಅವುಗಳ ಮೇಲೆ ಒಂದು ಪ್ಲಾಸ್ಟಿಕ್ ಪೊಟ್ಟಣ, ಅದರೊಳಗೆ ಕಪ್ಪಗಿನ ಹೊಸ ಪ್ಯಾಕಿಂಗು. ಪೊಟ್ಟಣದ ಮೇಲೆ ನಾನು ಹೋಗಿದ್ದ ಅದೇ ಕುರ್ಲಾ ಅಂಗಡಿಯ ಚೀಟಿ, ಅವರ ಉಗ್ರಾಣದ ಅಕ್ಷರದಲ್ಲಿ ನನ್ನ ಕಾರಿನ ನಂಬರು.

"ಅವರು ತಂದದ್ದು ಹೌದು ಟೀಚರೇ. ಮೊದಲನೇ ತಿಂಗಳೇ ತಂದದ್ದು. ಎಷ್ಟು ಹುಡುಕಿದ್ರು. ನಾನು ಅಕ್ಕಿ ಡಬ್ಬದಲ್ಲಿ ಅಡಗಿಸಿ ಇಟ್ಟಿದ್ದೆ."

ಆರು ಶನಿವಾರ ಕಣ್ಣ ಮುಂದೆ ಬಂದವು, ಅಕ್ಕನ ಮುಷ್ಟಿಯೂ ಬಂತು. "ಯಾಕ್ರೀ?" ಎಂದೆ.

"ಭಾನುವಾರ ಒಂಬತ್ತರಿಂದ ಹನ್ನೊಂದು, ಅವರು ನಿಮ್ಮ ಕಾರಿನ ಹತ್ರ ಇರ್ತಿದ್ರಲ್ಲ. ನಾನು ಫ್ಯಾನ್ ಹಾಕಿ ನೆಲದಲ್ಲಿ ಮಲಗ್ತಿದ್ದೆ. ನಿದ್ದೆ ಮಾಡುದಲ್ಲ, ಸುಮ್ಮನೆ. ಯಾರೂ ಎಂತದೂ ತಪ್ಪು ಅಂತ ಹೇಳುದಿಲ್ಲ." ಪೊಟ್ಟಣವನ್ನು ನನ್ನ ಕಡೆ ಸರಿಸಿ, "ನೀವು ಸರಿ ಮಾಡಿದ ಮೇಲೆ ಅದೂ ಹೋಯ್ತು" ಎಂದರು.

"ಒಂದ ಮಾತು ನನಗ ಹೇಳಬಾರದಾಗಿತ್ತೇನ್ರಿ? ಆ ಮನುಷ್ಯನ ಕಾಟ ನಾನೂ ಎರಡು ವರ್ಷ ತಡಕೊಂಡೀನಿ."

ಅವರು ಡಬ್ಬಿಯ ಮುಚ್ಚಳ ಹಾಕುತ್ತ, ದನಿ ಏರಿಸದೆ ಹೇಳಿದರು.

"ನಿಮಗೆ ವಾರಕ್ಕೆ ಎರಡು ಗಂಟೆ ಟೀಚರೇ. ಉಳಿದದ್ದೆಲ್ಲ ನನಗೆ ಇತ್ತು."